ಊದಾ ಹೊಕ್ಕಿನ ಹೂವು

“ಕಪ್ಪಲ್ಲ ಕಣೋ, ಊದಾ! ಹಾಸು ಕೆಂಪು, ಹೊಕ್ಕು ಊದಾ. ಉಟ್ಟೋಳು ನಾನು. ನೀನೇನು ಉಟ್ಟಿದ್ಯಾ?”

ಅಮ್ಮಯಮ್ಮ ಇಷ್ಟು ಹೇಳಿ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಎಂಬತ್ತೊಂದು ವರ್ಷದ ಅತ್ತೆ ತಟ್ಟೆ ಸರಿಸಿದರೆಂದರೆ ಮಾತು ಊಟಕ್ಕಿಂತ ದೊಡ್ಡದಾಯಿತೆಂದೇ ಅರ್ಥ. ಮೂವತ್ತು ವರ್ಷದಿಂದ ಆ ಮನೆಯ ಸೊಸೆಯಾಗಿದ್ದ ಮುನಿರತ್ನಮ್ಮನಿಗೆ ಇದು ಚೆನ್ನಾಗಿ ಗೊತ್ತು. ಅವಳು ಸಾರಿನ ಪಾತ್ರೆ ಮುಚ್ಚಿಟ್ಟು ಗೋಡೆಗೆ ಒರಗಿ ಕೂತಳು.

ಅವಳ ಗಂಡ ದೊಡ್ಡವೆಂಕಟಪ್ಪನೂ ಅದೇ ತಾಯಿಯ ಮಗ. ಅವನೂ ತಟ್ಟೆ ಸರಿಸಿದ.

“ಅಮ್ಮಾ, ನಿನ್ನ ಸೆರಗು ಹಿಡ್ಕೊಂಡು ಬೆಳೆದೋನು ನಾನು. ಹಬ್ಬ ಹಬ್ಬಕ್ಕೂ ಆ ಸೀರೆ ನೋಡಿದ್ದೀನಿ. ಕೆಂಪಿನೊಳಗೆ ಕಪ್ಪು ಆಡ್ತಿತ್ತು. ನಲವತ್ತು ವರ್ಷ ಮಗ್ಗದ ಮುಂದೆ ನಿಂತಿದ್ದೀನಿ, ಯಾವ ಹೊಕ್ಕಿಗೆ ಯಾವ ಬಣ್ಣ ಬರುತ್ತೆ ಅಂತ ಗೊತ್ತಾಗಲ್ವಾ ನಂಗೆ?”

“ಮಗ್ಗದ ಮುಂದೆ ನಿಂತ್ರೆ ಬಣ್ಣ ಗೊತ್ತಾಗಲ್ಲ ಕಣೋ. ಕಿವಿ ಹೋಗುತ್ತೆ, ಅಷ್ಟೇ.”

ಸಿಂಚನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈ ಜಗಳಕ್ಕೆ ಕಾರಣ ಅವಳೇ. ನೆಲಮಂಗಲದ ಗೋದಾಮೊಂದರ ಆಫೀಸಿನಲ್ಲಿ ಕೆಲಸ ಮಾಡುವ ಈ ಮೊಮ್ಮಗಳಿಗೆ ವೈಶಾಖದಲ್ಲಿ ಮದುವೆ. ಅಂಗಡಿಯ ಸೀರೆಗಳನ್ನೆಲ್ಲ ಬಿಟ್ಟು, “ಅಜ್ಜಿ ಧಾರೆಗೆ ಉಟ್ಟಿದ್ರಲ್ಲ, ಅಂಥದ್ದೇ ನಂಗೂ ಬೇಕು, ನಮ್ಮ ಮಗ್ಗದಲ್ಲೇ ನೇಯಬೇಕು” ಎಂದು ಹಟ ಹಿಡಿದು ಕೂತಿದ್ದಳು. ಮನೆಯವರಿಗೆಲ್ಲ ಹಿಗ್ಗೋ ಹಿಗ್ಗು. ತೊಡಕು ಒಂದೇ: ಆ ಸೀರೆ ಈಗ ಇಲ್ಲ. ಮಡಿಕೆಯ ಗೆರೆಯಲ್ಲೆಲ್ಲ ಸೀಳು ಬಿಟ್ಟಿದ್ದ ಅದನ್ನು ಹಳೇ ಜರಿ ಸೀರೆ ಕೊಳ್ಳಲು ಬೀದಿಗೆ ಬಂದವನೊಬ್ಬ ಮುನಿರತ್ನಮ್ಮ ಸೊಸೆಯಾಗಿ ಬರುವ ಮೊದಲೇ ಒಯ್ದಿದ್ದ. ಮದುವೆಯ ಫೋಟೋ ಒಂದಿತ್ತು. ಕಪ್ಪು ಬಿಳುಪಿನದು. ಅದರಲ್ಲಿ ಸೀರೆಯೂ ಕಪ್ಪೇ, ಮದುಮಗ ಕೊಂಡಪ್ಪನೂ ಕಪ್ಪೇ.

ಹಾಸು ಕೆಂಪು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಉದ್ದಕ್ಕೆ ಎಳೆಯುವ ಕೆಂಪು ರೇಷ್ಮೆಯ ಹಾಸು ಆಗಲೇ ಕೆಳಗಿನ ಶೆಡ್ಡಿನ ನಾಲ್ಕನೇ ಮಗ್ಗಕ್ಕೆ ಏರಿ ಕೂತಿತ್ತು. ಅಡ್ಡ ಹೊಡೆಯುವ ಹೊಕ್ಕಿನ ಬಣ್ಣ ಯಾವುದು ಅನ್ನುವುದೇ ಪ್ರಶ್ನೆ. ಒಂದು ಸಲ ಹೊಕ್ಕು ಬಿತ್ತೋ, ಸೀರೆಯ ಹಣೆಬರಹ ಮುಗಿಯಿತು.

“ಸರಿ, ಊದಾನೇ ಅಂದ್ಕೋ” ಎಂದ ದೊಡ್ಡವೆಂಕಟಪ್ಪ. “ಯಾವ ಊದಾ? ಬದನೇಕಾಯಿ ಊದಾನಾ, ನೇರಳೆಹಣ್ಣಿನ ಊದಾನಾ? ಬಣ್ಣ ಹಾಕೋನ ಹತ್ರ ಊದಾನೇ ಇಪ್ಪತ್ತು ಥರ ಇದೆ.”

“ಆ ಹೂವಿನ ಊದಾ.”

“ಯಾವ ಹೂವು?”

“ಹಿತ್ತಲಲ್ಲಿ ನೇತಾಡ್ತಿಲ್ವಾ, ಆ ಗಿಡದ್ದು.”

“ಆ ಗಿಡ ಹೂ ಬಿಟ್ಟಿರೋದು ಯಾರು ನೋಡಿದ್ದಾರಮ್ಮ? ಹನ್ನೆರಡು ವರ್ಷ ಆಯ್ತು.”

ಅಮ್ಮಯಮ್ಮ ಸೊಸೆಯ ಮುಖ ನೋಡಿದರು.

ಗಿಡದ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮದುವೆಗೆ ಮುಂಚೆ ಕೊಂಡಪ್ಪ ನಂದಿ ಬೆಟ್ಟದ ದಾರಿಯ ಬಂಗಲೆಯೊಂದಕ್ಕೆ ಸೀರೆ ಕೊಡಲು ಹೋಗಿದ್ದನಂತೆ. ಅಲ್ಲಿ ಜಗುಲಿಯಲ್ಲಿ ತೂಗುಹಾಕಿದ್ದ ಗಿಡದಲ್ಲಿ ಅಂಗೈ ಅಗಲದ ಕೆಂಪು ಹೂ. ಬಗ್ಗಿ ನೋಡಿದರೆ ಒಳಗಿನಿಂದ ಇನ್ನೊಂದು ಬಣ್ಣ ಎದ್ದು ಬಂದು ಕೆಂಪಿನ ಮೇಲೆ ಓಡಾಡುತ್ತಿತ್ತಂತೆ, ಥೇಟ್ ಎರಡು ಬಣ್ಣದ ರೇಷ್ಮೆಯ ಹಾಗೆ. ಮಾಲಿಯನ್ನು ಕಾಡಿ ಬೇಡಿ ಎರಡು ಎಸಳು ತಂದು, ಬಣ್ಣದವನ ಮುಂದಿಟ್ಟು, “ನನ್ನ ಹೆಂಡ್ತಿ ಸೀರೆ ಈ ಬಣ್ಣ” ಅಂದನಂತೆ. ಹನ್ನೆರಡು ವರ್ಷದ ಹಿಂದೆ ಅಮ್ಮಯಮ್ಮ ನಂಟರ ಜೊತೆ ಅದೇ ದಾರಿಯಲ್ಲಿ ಹೋಗುವಾಗ, ಬಂಗಲೆ ಬಿದ್ದುಹೋಗಿದ್ದರೂ ಮಾಲಿಯ ಮಗನ ಮನೆಯಂಗಳದಲ್ಲಿ ಅದೇ ಗಿಡ ಕಂಡು, ಒಂದು ಎಲೆ ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು.

“ಅಜ್ಜಿ, ಅದು ಬ್ರಹ್ಮಕಮಲ ಅಷ್ಟೇ. ಬೆಳ್ಳಗಿರುತ್ತೆ, ರಾತ್ರಿ ಬಿಡುತ್ತೆ. ಊರಲ್ಲೆಲ್ಲ ಇದೆ” ಎಂದು ಸಿಂಚನ ಎಷ್ಟೋ ಸಲ ಹೇಳಿದ್ದಳು.

“ಅದಲ್ಲ ಕಣೇ ಇದು. ಇದು ಅವಳಕ್ಕ. ಹಗಲು ಹೊತ್ತು ಬಿಡೋಳು” ಎಂಬುದು ಅಜ್ಜಿಯ ಉತ್ತರ. ಕೇಳಿದವರೆಲ್ಲ ನಗುತ್ತಿದ್ದರು. ಮುದುಕಿಯ ಕಣ್ಣಿಗೆ ಆಪರೇಷನ್ ಆದ ಮೇಲಂತೂ ನಗು ಇನ್ನೂ ಸಲೀಸಾಗಿತ್ತು.

ನಗದವಳು ಮುನಿರತ್ನಮ್ಮ ಒಬ್ಬಳೇ. ಯಾಕೆಂದರೆ ಅವಳು ಗಿಡವನ್ನು ನೋಡಿದ್ದಳು. ಮಹಡಿಯ ಮೇಲೆ ಅವಳದೇ ಬಿಳಿ ಬ್ರಹ್ಮಕಮಲ ಇತ್ತು. ವರ್ಷವರ್ಷ ಹತ್ತಿಪ್ಪತ್ತು ಹೂ ಬಿಟ್ಟು ಬೀದಿಯವರೆಲ್ಲ ಬಂದು ಕೈಮುಗಿದು ಹೋಗುತ್ತಿದ್ದರು. ಅದರ ಎಲೆ ಅಗಲ, ತೆಳು. ಅತ್ತೆಯ ಗಿಡದ ಎಲೆ ಕಿರಿದು, ದಪ್ಪ, ಅಂಚಿನ ಕಚ್ಚುಗಳಲ್ಲಿ ಸಣ್ಣ ಸಣ್ಣ ರೋಮ. ಅಸಲಿಗೆ ಎರಡರದ್ದೂ ಎಲೆಯೇ ಅಲ್ಲ, ಚಪ್ಪಟೆಯಾದ ಕಾಂಡ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಲೆಯ ಅಂಚಿನಿಂದ ಎಲೆ ಹುಟ್ಟುತ್ತದೆಯೇ, ಎಲೆಯ ಅಂಚಿನಲ್ಲಿ ಹೂ ಕೂರುತ್ತದೆಯೇ ಎಂದು ತಾನೇ ಪ್ರಶ್ನೆ ಹಾಕಿಕೊಂಡು, ತಾನೇ ಉತ್ತರ ಕೊಟ್ಟುಕೊಂಡಿದ್ದಳು.

ಮೊದಲ ಹತ್ತು ವರ್ಷ ಅತ್ತೆಯ ಗಿಡ ಸಿಮೆಂಟಿನ ಕುಂಡದಲ್ಲಿತ್ತು. ಕೆಂಪು ಮಣ್ಣು, ಮೇಲೆ ದಿನಾ ಒಂದು ಚೊಂಬು ನೀರು, ಸಾಲದ್ದಕ್ಕೆ ರೇಷ್ಮೆಹುಳದ ಹಿಕ್ಕೆಯ ಗೊಬ್ಬರ. ಮಗುವಿಗೆ ತುಪ್ಪ ತಿನ್ನಿಸಿದ ಹಾಗೆ ತಿನ್ನಿಸಿದ್ದರು. ಗಿಡ ಹಳದಿ ತಿರುಗಿ ಸಾಯುವ ಹಾಗಾದಾಗ ಮುನಿರತ್ನಮ್ಮ ಕುಂಡವನ್ನು ಬೋರಲು ಹಾಕಿ ನೋಡಿದಳು. ಮಣ್ಣೊಳಗಿನ ಬೇರೆಲ್ಲ ಕೊಳೆತು ಕಪ್ಪು ಸಾರಾಗಿತ್ತು. ಆದರೆ ಮಣ್ಣಿಗೆ ತಾಗದೆ, ಕಾಂಡದ ಮಧ್ಯದಿಂದ ಗಾಳಿಯಲ್ಲೇ ಇಳಿಬಿದ್ದಿದ್ದ ನಾಲ್ಕು ಬೇರುಗಳು ಮಾತ್ರ ಬೆಳ್ಳಗೆ, ಗಟ್ಟಿಯಾಗಿ, ಜೀವಂತ ಇದ್ದವು.

“ಅತ್ತೆ, ಇದು ಮಣ್ಣು ಕೇಳ್ತಾನೇ ಇಲ್ಲ, ಗಾಳಿ ಕೇಳ್ತಿದೆ” ಎಂದಿದ್ದಳು ಅವತ್ತು. “ಇದರ ಊರಲ್ಲಿ ಇದು ಮರದ ಕವಲಲ್ಲಿ ಕೂತ್ಕೊಂಡು ಬೆಳೆದಿರಬೇಕು.”

“ಬದನಿಕೆ ಥರಾನಾ?”

“ಬದನಿಕೆ ಮರದ ರಸ ಹೀರುತ್ತೆ. ಇದು ಮರಾನ ಜಗುಲಿ ಮಾಡ್ಕೊಂಡು ಕೂತ್ಕೊಳುತ್ತೆ ಅಷ್ಟೇ. ಮರಕ್ಕೆ ತೊಂದ್ರೆ ಕೊಡಲ್ಲ. ಮರ್ಯಾದಸ್ಥ ಗಿಡ.”

ಆಮೇಲೆ ಅವಳು ತಂತಿಯ ಪುಟ್ಟಿಯೊಂದಕ್ಕೆ ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಒಡೆದ ಹೆಂಚು, ಒಂದು ಹಿಡಿ ಒಣಗಿದ ಎಲೆಗೊಬ್ಬರ ತುಂಬಿ, ಜೀವ ಇದ್ದ ಕಾಂಡಗಳನ್ನು ಅದರಲ್ಲಿ ಇಕ್ಕಟ್ಟಾಗಿ ಕೂರಿಸಿ, ಹಿತ್ತಲಲ್ಲಿ ಶೆಡ್ಡಿನ ಗೋಡೆಗೆ ತೂಗುಹಾಕಿದಳು. ಎರಡು ವರ್ಷದಲ್ಲಿ ಗಿಡ ಜಡೆ ಬಿಚ್ಚಿದ ಹುಡುಗಿಯ ಹಾಗೆ ಬೆಳೆಯಿತು. ಹೂ ಮಾತ್ರ ಬಿಡಲಿಲ್ಲ.

ಈಗ ಅತ್ತೆ ತನ್ನ ಮುಖ ನೋಡುತ್ತಿದ್ದಾರೆ, ಗಂಡ ಗೆದ್ದವನ ಹಾಗೆ ಮೀಸೆ ಒರೆಸಿಕೊಳ್ಳುತ್ತಿದ್ದಾನೆ. ಮುನಿರತ್ನಮ್ಮನಿಗೆ ತಡೆಯಲಾಗಲಿಲ್ಲ.

“ರೀ, ಈ ಸೀರೆ ಹೊಕ್ಕಿನ ದಾರಾನ ಕಂಡಿಕೆಗೆ ಸುತ್ತೋರು ಯಾರು?”

“ಇನ್ಯಾರು, ನೀನೇ.”

“ಹಂಗಾದ್ರೆ ಕೇಳಿಸ್ಕೊಳ್ಳಿ. ಯುಗಾದಿ ತನಕ ಈ ಕೈಯಲ್ಲಿ ಕಪ್ಪು ಕಂಡಿಕೆ ಸುತ್ತಲ್ಲ. ಅಷ್ಟರೊಳಗೆ ಗಿಡದಲ್ಲಿ ಹೂ ಬಿಡಿಸ್ತೀನಿ. ಬಣ್ಣ ಎಲ್ಲರೂ ನೋಡೋಣ. ಬಿಡಲಿಲ್ವೋ, ಹಬ್ಬದ ಮಾರನೇ ದಿನ ಬೆಳಿಗ್ಗೆ ಎದ್ದು ನಾನೇ ಕಪ್ಪು ಸುತ್ತಿ ಕೊಡ್ತೀನಿ. ಆಮೇಲೆ ನಾನಾಗ್ಲಿ ಅತ್ತೆಯಾಗ್ಲಿ ತುಟಿ ಪಿಟಕ್ ಅನ್ನಲ್ಲ.”

“ನನ್ನನ್ಯಾಕೆ ಸೇರಿಸ್ತೀಯೇ?” ಎಂದರು ಅಮ್ಮಯಮ್ಮ ಗಾಬರಿಯಿಂದ.

“ಪಕ್ಕಾ ಬಿಲ್ಡಪ್ಪು ಕಣಮ್ಮ ನಿಂದು” ಎಂದು ಸಿಂಚನ ಚಪ್ಪಾಳೆ ತಟ್ಟಿದಳು.

ದೊಡ್ಡವೆಂಕಟಪ್ಪ ನಕ್ಕ. ಲಾಳಿಯೊಳಗೆ ಕೂರುವ ಆ ಸಣ್ಣ ಕಂಡಿಕೆಗಳನ್ನು ಅವನು ಸುತ್ತಿ ಮೂವತ್ತು ವರ್ಷವಾಗಿತ್ತು; ಅವನ ದಪ್ಪ ಬೆರಳಿಗೆ ಹಸಿ ರೇಷ್ಮೆ ಸಿಕ್ಕಿದರೆ ಮಾರಿಗೊಂದು ಸಲ ಕಡಿಯುತ್ತದೆ ಎಂಬುದು ಬೀದಿಗೇ ಗೊತ್ತಿದ್ದ ಮಾತು. “ಆಯ್ತು ಕಣೇ, ಯುಗಾದಿ. ಬೇವು ನಿಂಗೆ, ಬೆಲ್ಲ ನಂಗೆ” ಎಂದು ಎದ್ದು ಕೈ ತೊಳೆಯಲು ಹೋದ.

ಅದು ಮಾರ್ಗಶಿರದ ಮೊದಲ ವಾರ. ಬಾಯಲ್ಲಿ ಮಾತು ಆಡಿದ್ದಳೇ ಹೊರತು, ಹೂ ಬಿಡಿಸುವುದು ಹೇಗೆ ಎಂದು ಅವತ್ತು ಮುನಿರತ್ನಮ್ಮನಿಗೂ ಗೊತ್ತಿರಲಿಲ್ಲ. ಆದರೆ ಒಂದು ವಿಷಯ ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೇಲಿನ ಬಿಳಿ ಗಿಡಕ್ಕೂ ಹಿತ್ತಲಿನ ಗಿಡಕ್ಕೂ ಹಾಕುವ ಕೈ ಒಂದೇ, ಸಿಪ್ಪೆ ಒಂದೇ, ನೀರು ಒಂದೇ. ಅದು ಬಿಡುತ್ತದೆ, ಇದು ಬಿಡುವುದಿಲ್ಲ. ಹಾಗಿದ್ದರೆ ತಪ್ಪು ಗಿಡದಲ್ಲಿಲ್ಲ, ತಾನು ಇನ್ನೂ ನೋಡದೆ ಬಿಟ್ಟಿರುವ ಎಲ್ಲೋ ಒಂದು ಕಡೆ ಇದೆ. ನೋಡಿದರೆ ಸಿಕ್ಕುತ್ತದೆ.

ಸಿಕ್ಕಿದ್ದು ಶುಕ್ರವಾರ, ಹೂವಿನ ಬುಟ್ಟಿಯಲ್ಲಿ.

ಹತ್ತಿರದ ಮಧುರೆ ಹಳ್ಳಿಯ ಮುನಿತಾಯಮ್ಮ ವಾರಕ್ಕೊಮ್ಮೆ ಅವರ ಬೀದಿಗೆ ಸೇವಂತಿಗೆ ತರುತ್ತಿದ್ದಳು. ಸ್ವಂತ ಹೊಲದ ಹೂ. ಅವತ್ತು ಬುಟ್ಟಿ ಅರ್ಧವೂ ತುಂಬಿರಲಿಲ್ಲ.

“ಏನಮ್ಮ, ಇಷ್ಟೇನಾ ಇವತ್ತು?”

“ಅಯ್ಯೋ ಕೇಳ್ಬೇಡ ರತ್ನಕ್ಕ, ನಮ್ಮೆಜಮಾನ ಮಾಡಿದ ಘನಂದಾರಿ ಕೆಲಸ. ಪಂಪ್‌ಹೌಸಿಗೆ ಹೊಸಾ ಬಲ್ಬು ಹಾಕವ್ನೆ, ದೊಡ್ಡ ಆಸ್ಪತ್ರೆ ಬಲ್ಬು ಇದ್ದಂಗೈತೆ. ರಾತ್ರಿಯೆಲ್ಲ ಉರಿಯುತ್ತೆ. ಅದರ ಬೆಳಕು ಬಿದ್ದಿರೋ ಎರಡು ಸಾಲು ಮೊಗ್ಗೇ ಕಟ್ಟಿಲ್ಲ. ಬರೀ ಸೊಪ್ಪು. ಹಸಕ್ಕೆ ಹಾಕ್ಬೇಕು.”

“ಬೆಳಕಿಗೂ ಮೊಗ್ಗಿಗೂ ಏನೇ ಸಂಬಂಧ?”

“ಹಯ್, ಅದೇ ಎಲ್ಲ! ನಾವು ಬೇಕಂತ್ಲೇ ಹಾಕಲ್ವಾ, ಎಳೇ ಗಿಡ ಇರೋವಾಗ, ಹೊಲದ ತುಂಬ ಬಲ್ಬು? ರಾತ್ರಿ ಬೆಳಕಿದ್ರೆ ಗಿಡ ಇನ್ನೂ ಹಗಲು ಅಂದ್ಕೊಂಡು ಸುಮ್ಕೆ ಬೆಳೀತಾ ಹೋಗುತ್ತೆ. ಎತ್ತರ ಬಂದ್ಮೇಲೆ ಬಲ್ಬು ಆರಿಸ್ತೀವಿ. ಕತ್ತಲು ಸಿಕ್ತಿದ್ದಂಗೇ ಮೊಗ್ಗು ಕಟ್ಟುತ್ತೆ. ಕತ್ತಲೇ ಇಲ್ದೆ ಎಲ್ಲಿಂದ ಬಸುರಾದಾವು ಹೇಳು?” ಎಂದು ಮುನಿತಾಯಮ್ಮ ತನ್ನ ಮಾತಿಗೆ ತಾನೇ ಗಹಗಹಿಸಿ ನಕ್ಕಳು. “ಎಷ್ಟು ಮಾರು ಹಾಕ್ಲಿ?”

ಹೂವಿಗೆ ಚಾಚಿದ್ದ ಮುನಿರತ್ನಮ್ಮನ ಕೈ ಹಾಗೇ ನಿಂತಿತ್ತು.

“ರತ್ನಕ್ಕ? ಏನಾಯ್ತೇ?”

“ಎರಡು ಮಾರು ಹಾಕು. ಬೇಡ, ಬುಟ್ಟೀಲಿರೋದೆಲ್ಲ ಹಾಕು. ಕೂತ್ಕೋ, ಕಾಫಿ ಕುಡ್ಕೊಂಡು ಹೋಗು” ಎಂದವಳೇ ಹಿತ್ತಲಿಗೆ ಓಡಿದಳು.

ಗಿಡ ತೂಗಾಡುತ್ತಿತ್ತು, ಶೆಡ್ಡಿನ ಗವಾಕ್ಷಿಯ ನೇರಕ್ಕೆ. ಗವಾಕ್ಷಿಯ ಒಳಗೆ ಎರಡು ಟ್ಯೂಬ್‌ಲೈಟು. ದಾರ ಕಡಿದರೆ ತಕ್ಷಣ ಕಾಣಬೇಕೆಂದು ಮಗ್ಗದ ಮನೆಯಲ್ಲಿ ಯಾರೂ ಬೆಳಕಿಗೆ ಜಿಪುಣತನ ಮಾಡುವುದಿಲ್ಲ. ಮದುವೆ ಕಾಲ ಬಂತೆಂದರೆ ಎರಡನೇ ಪಾಳಿ. ಟ್ಯೂಬ್‌ಲೈಟು ಆರುವುದು ನಡುರಾತ್ರಿಗೆ, ಕೆಲವು ದಿನ ಬೆಳಗಿನ ಜಾವಕ್ಕೆ. ಆ ಜಾಗವನ್ನು ಆರಿಸಿದವಳು ಅವಳೇ. “ಒಳ್ಳೇ ಬೆಳಕಿದೆ, ಬೆಚ್ಚಗಿದೆ” ಎಂದು ಎರಡು ವರ್ಷದ ಹಿಂದೆ ಮೊಳೆ ಹೊಡೆದವಳೂ ಅವಳೇ. ಅದಕ್ಕೆ ಮುಂಚಿನ ಸಿಮೆಂಟು ಕುಂಡ ಇದ್ದದ್ದೂ ಅದೇ ಗೋಡೆಯ ಬುಡದಲ್ಲಿ. ಹನ್ನೆರಡು ವರ್ಷದಿಂದ ಪಾಪದ ಗಿಡ ಒಂದೇ ಒಂದು ರಾತ್ರಿಯನ್ನೂ ಸರಿಯಾಗಿ ಕಂಡಿರಲಿಲ್ಲ.

“ಥೂ, ನನ್ನ ಬುದ್ಧಿಗಿಷ್ಟು” ಎಂದು ಹಣೆ ಬಡಿದುಕೊಂಡಳು. ಬಡಿದುಕೊಂಡ ಮೇಲೆ ಅವಳಿಗೆ ದುಃಖವೇನೂ ಆಗಲಿಲ್ಲ, ಖುಷಿಯೇ ಆಯಿತು. ತಪ್ಪು ಸಿಕ್ಕಿತ್ತಲ್ಲ.

ಅವತ್ತು ಸಂಜೆ ದೀಪ ಹಚ್ಚಿದ ಮೇಲೆ ಅವಳು ಮಹಡಿ ಹತ್ತಿದಳು. ಎಡಗೈಯಲ್ಲಿ ಒಂದೆಳೆ ಕೆಂಪು ದಾರ, ಒಂದೆಳೆ ಕಪ್ಪು ದಾರ. ಬೀದಿಯ ಕಡೆ ನಿಂತು ನೋಡಿದಳು: ಕಂಬದ ದೀಪಕ್ಕೆ ಎರಡೂ ಬಣ್ಣ ಬೇರೆ ಬೇರೆಯಾಗಿ ಕಾಣುತ್ತಿದ್ದವು. ಇಲ್ಲಿ ಬೇಡ. ಮೆಟ್ಟಿಲ ಹತ್ತಿರ ನೋಡಿದಳು, ಅಲ್ಲೂ ಕಂಡಿತು. ಹಿಂಭಾಗದಲ್ಲಿ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿನ ಕೆಳಗೆ, ಪಕ್ಕದ ಮನೆಯ ಮಾವಿನ ಕೊಂಬೆ ಬಂದು ಕವಿಯುವ ಮೂಲೆಯಲ್ಲಿ ದಾರ ಹಿಡಿದಾಗ, ಮೊದಲು ಕೆಂಪು ದಾರ ಕಪ್ಪಾಯಿತು, ಆಮೇಲೆ ಯಾವುದು ಯಾವುದೆಂದು ಅವಳ ಬೆರಳಿಗೂ ತಿಳಿಯದಾಯಿತು.

“ಇದು ಕತ್ತಲು” ಎಂದಳು ಮುನಿರತ್ನಮ್ಮ, ಸೀರೆಯ ನೂಲಿಗೆ ಮಾರ್ಕು ಹಾಕುವವಳ ಗತ್ತಿನಲ್ಲಿ.

ಮರುದಿನ ಗಿಡ ಅಲ್ಲಿಗೆ ಹೋಗಿ ಸ್ಟ್ಯಾಂಡಿನ ಕೊಕ್ಕೆಗೆ ತೂಗಿತು. ಹಗಲು ಮಾವಿನ ಎಲೆಯ ಸಂದಿನಿಂದ ಸೋಸಿದ ಬೆಳಕು, ರಾತ್ರಿ ತಣ್ಣನೆಯ ಪೂರ್ತಿ ಕತ್ತಲು. ನೀರು ಹತ್ತು ಹನ್ನೆರಡು ದಿನಕ್ಕೊಮ್ಮೆ, ಅದೂ ಒಂದು ಬೊಗಸೆ.

ಮನೆಯಲ್ಲಿ ಗೇಲಿಗೇನೂ ಬರ ಇರಲಿಲ್ಲ. “ಗಿಡಕ್ಕೆ ನಿದ್ದೆ ಬೇಕಂತಪ್ಪ” ಎಂದು ದೊಡ್ಡವೆಂಕಟಪ್ಪ ಶೆಡ್ಡಿನಲ್ಲಿ ಕೆಲಸದವರಿಗೆಲ್ಲ ಹೇಳಿದ. “ಸಂಜೆ ಹೋಗಿ ಜೋಗುಳ ಹಾಡಿ ಬರ್ತಾಳೆ. ನಾನು ರಾತ್ರಿ ಪಾಳಿ ಮಾಡಿ ಬಂದ್ರೆ ಒಂದು ಲೋಟ ನೀರು ಕೊಡೋರಿಲ್ಲ.”

“ನೀವು ಹೂ ಬಿಡ್ತೀರಾ ಹೇಳಿ, ನಿಮಗೂ ಹಾಡ್ತೀನಿ” ಎಂದಳು ಮುನಿರತ್ನಮ್ಮ.

ಪುಷ್ಯ ಮಾಸದ ಚಳಿಗೆ ಗಿಡದ ಕಾಂಡಗಳು ಸ್ವಲ್ಪ ತೆಳ್ಳಗಾದವು. ಅಮ್ಮಯಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾರರು; ಸಿಂಚನ ಮೊಬೈಲಿನಲ್ಲಿ ಫೋಟೋ ತೆಗೆದು ತಂದು ತೋರಿಸಿದಳು. ಅವರು ಮೊಬೈಲನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿ ಹೌಹಾರಿದರು.

“ಬಾಡಿಸಿಬಿಟ್ಯಲ್ಲೇ ರತ್ನ! ನಿಮ್ಮ ಮಾವನ ಗಿಡ ಕಣೇ ಅದು.”

“ಬಾಡಿಲ್ಲ ಅತ್ತೆ. ಇಷ್ಟು ದಿನ ಹೊಟ್ಟೆ ತುಂಬ ತಿಂದು ಬೆಳಕಲ್ಲಿ ಕೂತು ಮೈ ಬೆಳೆಸ್ಕೊಂಡಿತ್ತು. ಈಗ ಉಪವಾಸ, ನಿದ್ದೆ. ಎದ್ದಾಗ ನೋಡಿ.”

“ಏಳದಿದ್ರೆ?”

“ಏಳುತ್ತೆ.”

ಅವಳ ಈ ‘ಏಳುತ್ತೆ’ಯಲ್ಲಿ ಸಂಶಯಕ್ಕೆ ಒಂದು ಎಳೆಯಷ್ಟೂ ಜಾಗ ಇರಲಿಲ್ಲ. ಇಷ್ಟು ದಿನ ಅತ್ತೆಯ ಮಾತನ್ನು ನಂಬಿದ್ದಳು, ಈಗ ತನ್ನ ಕಣ್ಣನ್ನೂ ನಂಬಿದ್ದಳು.

ಶಿವರಾತ್ರಿಗೆ ಇನ್ನೊಂದು ವಾರ ಇರುವಾಗ, ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದವಳಿಗೆ ಕಾಂಡದ ಅಂಚಿನ ಎರಡು ಕಚ್ಚುಗಳಲ್ಲಿ ಏನೋ ಕೆಂಪಗೆ ಕಂಡಿತು. ಜೋಳದ ಕಾಳಿನಷ್ಟು. ಹೊಸ ಚಿಗುರಾದರೆ ಹಸಿರು ಇರಬೇಕು, ಚಪ್ಪಟೆ ಇರಬೇಕು. ಇವು ಗುಂಡಗಿದ್ದವು. ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಂದು, ಇಡೀ ಮನೆಗೆ ಕೇಳುವಂತೆ ಹೇಳಿದಳು: “ಎರಡು ಮೊಗ್ಗು! ಇವತ್ತಿಂದ ಆ ಗಿಡಾನ ಯಾರೂ ಮುಟ್ಟಂಗಿಲ್ಲ, ತಿರುಗಿಸಂಗಿಲ್ಲ. ಮೊಗ್ಗು ಕಟ್ಟಿದ್ಮೇಲೆ ಬೆಳಕಿನ ದಿಕ್ಕು ಬದಲಾದ್ರೆ ಉದುರಿಸಿಬಿಡುತ್ತೆ. ನನ್ನ ಬಿಳಿ ಗಿಡ ಒಂದು ಸಲ ಹಂಗೇ ಮಾಡಿದೆ.”

ನೆನಪಿಗೆ ಇರಲಿ ಎಂದು ಪುಟ್ಟಿಯ ಮೆಟ್ಟಿಲ ಕಡೆಯ ಬದಿಗೆ ಒಂದೆಳೆ ಕೆಂಪು ದಾರ ಕಟ್ಟಿದಳು.

ಮೊಗ್ಗು ದಿನದಿನಕ್ಕೆ ಬೆಳೆಯಿತು. ಕಾಳು ಹೋಗಿ ಮೆಣಸಿನಕಾಯಿಯಾಯಿತು. ಶಿವರಾತ್ರಿ ಕಳೆದು ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಮೇಲೆ ಹೋದರೆ, ಒಂದು ಮೊಗ್ಗು ನೆಲದ ಮೇಲೆ ಬಿದ್ದಿತ್ತು.

ಮುನಿರತ್ನಮ್ಮ ಅದನ್ನೆತ್ತಿ ಅಂಗೈಯಲ್ಲಿಟ್ಟುಕೊಂಡು ಪುಟ್ಟಿ ನೋಡಿದಳು. ಕೆಂಪು ದಾರ ಮೆಟ್ಟಿಲ ಕಡೆ ಇರಲಿಲ್ಲ. ಗೋಡೆಯ ಕಡೆ ಇತ್ತು. ಮೆಲ್ಲಗೆ, ಉಸಿರು ಬಿಗಿಹಿಡಿದು, ಪುಟ್ಟಿಯನ್ನು ಮೊದಲಿನಂತೆಯೇ ತಿರುಗಿಸಿ, ಕೆಳಗಿಳಿದಳು.

ಎಲ್ಲರೂ ಕಾಫಿ ಕುಡಿಯುತ್ತಿದ್ದರು. ಮೊಗ್ಗನ್ನು ಮಧ್ಯದಲ್ಲಿಟ್ಟಳು.

“ಯಾರು ತಿರುಗಿಸಿದ್ದು?”

“ನಾನಂತೂ ಅಲ್ಲಮ್ಮ, ಬೆಳಿಗ್ಗೆ ಬಸ್ಸಿಗೇ ಓಡೋಕಾಗಲ್ಲ ನಂಗೆ” ಎಂದಳು ಸಿಂಚನ.

“ನಾನು ಮೆಟ್ಟಿಲು ಹತ್ತಿ ಎರಡು ವರ್ಷ ಆಯ್ತು” ಎಂದರು ಅಮ್ಮಯಮ್ಮ.

“ಗಾಳಿಗೆ ತಿರುಗಿರುತ್ತೆ” ಎಂದ ದೊಡ್ಡವೆಂಕಟಪ್ಪ, ಲೋಟದೊಳಗೆ ನೋಡುತ್ತ.

“ಗಾಳಿ ಕೊಕ್ಕೆ ಎತ್ತಿ ತಿರುಗಿಸಿ ಮತ್ತೆ ಸಿಗಿಸಿಟ್ಟು ಹೋಗಲ್ಲ. ಅದಿರ್ಲಿ, ನಿಮ್ಮ ಬನಿಯನ್ ಹೆಗಲ ಮೇಲೆ ಅದೇನು ತುಕ್ಕು?”

ಅವನು ಹೆಗಲು ಮುಟ್ಟಿಕೊಂಡ. ಟ್ಯಾಂಕಿನ ಸ್ಟ್ಯಾಂಡಿನ ಕೆಳಗೆ ಬಗ್ಗಿ ಹೋಗಿ ನಿಂತವರ ಹೆಗಲಿಗೆ ಮಾತ್ರ ಹತ್ತುವ ತುಕ್ಕು ಅದು. ಒಂದೇ ಅಲ್ಲ, ಹಳೆಯದು ಹೊಸದು ಸೇರಿ ನಾಲ್ಕೈದು ಗೆರೆ ಇದ್ದವು.

“ದಿನಾ ಹೋಗ್ತಿದ್ರಾ?”

“ದಿನಾ ಅಂದ್ರೆ... ಪಾಳಿ ಮುಗಿಸ್ಕೊಂಡು, ಬೆಳಕು ಹರಿದ್ಮೇಲೆ, ಸುಮ್ನೆ” ಎಂದ ಅವನು. “ಆ ಹಿಂದಿನ ಮೊಗ್ಗು ನೆರಳಲ್ಲಿ ಸಣ್ಣದಾಗಿತ್ತು ಕಣೇ. ಅದಕ್ಕೂ ಒಂಚೂರು ಬಿಸಿಲು ಬೀಳ್ಲಿ ಅಂತ...”

“ಅಯ್ಯೋ ನನ್ನ ಕಂದ” ಎಂದು ಅಮ್ಮಯಮ್ಮ ನಗಲು ಶುರುಮಾಡಿದರು. ಐವತ್ತೆಂಟು ವರ್ಷದ ಕಂದ ತಲೆ ತಗ್ಗಿಸಿ ಕೂತಿತ್ತು. ಮುನಿರತ್ನಮ್ಮನಿಗೆ ಬೈಯಬೇಕೆಂದು ಬಾಯಿತನಕ ಬಂದ ಮಾತೆಲ್ಲ ಕರಗಿಹೋಯಿತು. ಸೋಲಲಿ ಎಂದು ಕಾಯುತ್ತಿದ್ದವನು ಬಿಸಿಲು ಬೀಳಲಿ ಎಂದು ತಿರುಗಿಸುತ್ತಾನೆಯೇ?

“ಹೋಗ್ಲಿ ಬಿಡಿ. ಬಣ್ಣದ ಸ್ಯಾಂಪಲ್ಲಿಗೆ ಎಷ್ಟು ಹೂ ಬೇಕು? ಮಾವ ತಂದಿದ್ದು ಎರಡೇ ಎಸಳು. ಇನ್ನೊಂದು ಮೊಗ್ಗಿದೆ, ಸಾಕು” ಎಂದಳು. “ನೋಡೋಕೆ ಹೋಗಿ, ಬೇಡ ಅನ್ನಲ್ಲ. ಕೈ ಮಾತ್ರ ಬೆನ್ನ ಹಿಂದೆ ಕಟ್ಕೊಂಡಿರಿ.”

ಆಮೇಲಿನ ದಿನಗಳಲ್ಲಿ ಅವನು ಹಾಗೇ, ಶಾಲೆಯ ಇನ್ಸ್‌ಪೆಕ್ಟರಂತೆ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿ ಬರುತ್ತಿದ್ದ. ಕಪ್ಪು ಹೊಕ್ಕಿನ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಯುಗಾದಿಗೆ ನಾಲ್ಕು ದಿನ ಇತ್ತು. ಭಾನುವಾರ. ಬೆಳಿಗ್ಗೆ ಎಂಟರ ಹೊತ್ತಿಗೆ ಮಹಡಿಯಿಂದ ದೊಡ್ಡವೆಂಕಟಪ್ಪನ ಕೂಗು ಕೇಳಿತು. ಮಗ್ಗದ ಸದ್ದನ್ನು ಮೀರಿ ಕೂಗಿ ಅಭ್ಯಾಸವಾದ ಗಂಟಲು. ಮೂರು ಮನೆಯಾಚೆಯವರೂ ಹೊರಗೆ ಬಂದರು.

“ಲೇ! ರತ್ನಾ! ಬಾರೇ! ಅಮ್ಮನ್ನ ಕರ್ಕೊಂಡು ಬಾ!”

ಅಮ್ಮನನ್ನು ಕರೆದುಕೊಂಡು ಬರುವುದೆಂದರೆ ಸುಮ್ಮನೆಯೇ? ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮುಂದಿನಿಂದ ಅವನು, ಹಿಂದಿನಿಂದ ಮುನಿರತ್ನಮ್ಮ ಮತ್ತು ಸಿಂಚನ ಹಿಡಿದು, ಹದಿನೆಂಟು ಮೆಟ್ಟಿಲು ಹತ್ತಿಸಿದರು.

“ಬೀಳಿಸಬೇಡ್ರೋ! ಬೀಳಿಸಿದ್ರೆ ಬಣ್ಣ ಹೇಳೋರು ಇರಲ್ಲ!” ಎಂದು ಅಮ್ಮಯಮ್ಮ ಮೆಟ್ಟಿಲಿಗೊಂದು ಸಲ ಕೂಗುತ್ತಿದ್ದರು.

“ಅಜ್ಜಿ, ಅಲ್ಲಾಡ್ಬೇಡಿ, ಉತ್ಸವಮೂರ್ತಿ ಮಾತಾಡಬಾರ್ದು” ಎಂದು ಸಿಂಚನ ಏದುಸಿರು ಬಿಟ್ಟಳು.

ಟ್ಯಾಂಕಿನ ನೆರಳಿನ ಅಂಚಿಗೆ ಕುರ್ಚಿ ಇಳಿಸಿದರು. ಹೂ ಅರಳಿ ನಿಂತಿತ್ತು. ಅಂಗೈ ಅಗಲ. ಕೆಂಪು ಎಂದರೆ ಕುಂಕುಮವೂ ಅಲ್ಲ, ದಾಸವಾಳವೂ ಅಲ್ಲ. ಹೊಸದಾಗಿ ಬಣ್ಣದಿಂದ ತೆಗೆದ ಹಸಿ ರೇಷ್ಮೆಯ ಕೆಂಪು. ನಡುವೆ ಬೆಳ್ಳನೆಯ ಕೇಸರಗಳ ಒಂದು ಕುಚ್ಚು. ಮಾವಿನ ಎಲೆ ಅಲ್ಲಾಡಿ ಬಿಸಿಲು ಒಳಗೆ ಬಿದ್ದಾಗಲೆಲ್ಲ ಎಸಳಿನ ಬುಡದಿಂದ ಒಂದು ಬಣ್ಣ ಎದ್ದು, ಕೆಂಪಿನ ಮೇಲೆ ಹರಿದು, ಮಾಯವಾಗುತ್ತಿತ್ತು.

ಸಿಂಚನಳ ಮೊಬೈಲು ಕೈಯಲ್ಲೇ ಉಳಿಯಿತು.

“ಹತ್ರ ತರ್ಲಾ ಅತ್ತೆ?”

“ಬೇಡ, ತಿರುಗಿಸ್ಬೇಡ. ನಾನೇ ಬಗ್ತೀನಿ.” ಅಮ್ಮಯಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿ, ಕನ್ನಡಕ ಹಣೆಗೇರಿಸಿ, ಹೂವಿನ ಬಾಯಿಗೆ ಮುಖ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು: “ಬೆಳ್ಳಗಿದೆಯೇನ್ರೇ? ರಾತ್ರಿಯೇನ್ರೇ ಇದು?”

“ಇಲ್ಲ ಅಜ್ಜಿ. ಸಾರಿ ಅಜ್ಜಿ” ಎಂದಳು ಸಿಂಚನ.

ದೊಡ್ಡವೆಂಕಟಪ್ಪ ಆಗಲೇ ಕೆಳಗೆ ಹೋಗಿ ರೇಷ್ಮೆ ಲಡಿಗಳ ಪೆಟ್ಟಿಗೆ ತಂದಿದ್ದ. ಕಪ್ಪೊಂದು, ಕೆಂಪೊಂದು, ಊದಾ ಆರು. ಆರು ಊದಾಗಳನ್ನು ಯಾವಾಗ ತರಿಸಿಟ್ಟಿದ್ದನೋ, ಮುನಿರತ್ನಮ್ಮ ಕೇಳಲಿಲ್ಲ. ಒಂದೊಂದೇ ಎಳೆ ಬಿಡಿಸಿ ಹೂವಿನ ಪಕ್ಕ ಹಿಡಿದ. ಕಪ್ಪು ಹಿಡಿದಾಗ ಹೂ ಮಂಕಾಯಿತು. ಮೊದಲನೇ ಊದಾ ನೀಲಿಗೆ ಎಳೆಯಿತು. ಎರಡನೆಯದು ಗುಲಾಬಿಗೆ ಹೋಯಿತು. ಮೂರನೆಯದನ್ನು ಹಿಡಿದಾಗ ಬಿಸಿಲು ಬಿತ್ತು. ದಾರ ಎಲ್ಲಿ ಮುಗಿಯಿತು, ಎಸಳು ಎಲ್ಲಿ ಶುರುವಾಯಿತು ಎಂದು ಒಂದು ಕ್ಷಣ ಅವನಿಗೇ ಸಿಕ್ಕಲಿಲ್ಲ.

“ಇದೇ” ಎಂದರು ಅಮ್ಮಯಮ್ಮ.

“ಇದೇ” ಎಂದ ಅವನೂ. ಎಳೆಯಿಂದ ಕಣ್ಣೆತ್ತಿ ಕೇಳಿದ, “ಮತ್ತೆ ನಂಗೆ ಕಪ್ಪು ಯಾಕೆ ಕಾಣ್ತಿತ್ತು? ಸುಳ್ಳಲ್ಲಮ್ಮ, ಕಣ್ಣಾರೆ ನೋಡಿದ್ದೀನಿ.”

ಮುನಿರತ್ನಮ್ಮ ಪೆಟ್ಟಿಗೆಯಿಂದ ಕೆಂಪು ಎಳೆಯೊಂದನ್ನು ಎಳೆದು, ಆ ಮೂರನೇ ಊದಾ ಎಳೆಯ ಜೊತೆ ಹೊಸೆದು, ಬಿಸಿಲಿನಲ್ಲಿ ಹಿಡಿದಳು. ಹೂವಿನ ಬಣ್ಣ. ಅದನ್ನೇ ಟ್ಯಾಂಕಿನ ಕೆಳಗಿನ ಗಾಢ ನೆರಳಿಗೆ ಒಯ್ದಳು. ಕಪ್ಪು.

“ನೀವು ಸೆರಗು ಹಿಡ್ಕೊಂಡು ಕೆಳಗಿಂದ ನೋಡ್ತಿದ್ರಿ. ಮಂಡಿಯೆತ್ತರ ಇರೋ ಮಗುಗೆ ಕಾಣೋದು ನೆರಿಗೆ ಸಂದಿಯ ನೆರಳು. ನೆರಳಲ್ಲಿ ಮೊದಲು ಕಪ್ಪಾಗೋದೇ ಕೆಂಪು. ಅವತ್ತು ಕತ್ತಲು ಅಳೆಯೋವಾಗ್ಲೇ ನಂಗೆ ಗೊತ್ತಾಯ್ತು.”

“ಆಗ್ಲೇ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನಂಬ್ತಿದ್ರಾ?”

ಅವನು ತಲೆ ಕೆರೆದುಕೊಂಡ. “ಆಯ್ತಮ್ಮ. ಊದಾ.”

“ಈ ಒಂದು ಮಾತು ಹೇಳೋಕೆ ಮೂರೂವರೆ ತಿಂಗಳು ಬೇಕಾಯ್ತೇನೋ ನಿಂಗೆ?” ಎಂದರು ಅಮ್ಮಯಮ್ಮ.

“ಗಿಡಕ್ಕೆ ಹನ್ನೆರಡು ವರ್ಷ ಬೇಕಾಯ್ತಲ್ಲಮ್ಮ. ಅದಕ್ಕಿಂತ ನಾನು ವಾಸಿ.”

ಅವನು ಮೂರನೇ ಲಡಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದ. ಮುನಿರತ್ನಮ್ಮ ಅತ್ತೆಯ ಕುರ್ಚಿಯನ್ನು ಬಿಸಿಲಿಂದ ಸರಿಸಿ, ಕೊಡೆ ಬಿಚ್ಚಿ ಕೊಟ್ಟು, ಕೆಳಗೆ ಶೆಡ್ಡಿಗೆ ಬಂದಾಗ ಕಂಡಿಕೆ ಸುತ್ತುವ ಮಿಷಿನ್ನಿನ ಮುಂದೆ, ಅವಳ ಮಣೆಯ ಮೇಲೆ, ಅವನು ಕೂತಿದ್ದ. ಊದಾ ದಾರ ನಾಲ್ಕು ಸುತ್ತು ಸುತ್ತಿ ಪಟ್ಟನೆ ಕಡಿಯಿತು. ಅವನು ಅವಳ ಕಡೆ ನೋಡಲಿಲ್ಲ. ಎರಡು ತುದಿಯನ್ನೂ ಹುಡುಕಿ ಹಿಡಿದು, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಗಂಟು ಹಾಕಿ, ಮತ್ತೆ ಸುತ್ತಲು ಶುರುಮಾಡಿದ.